ಮಾಳಿಗೆ ಓದುವ ಅರಸ

ನನ್ನಷ್ಟು ದೊಡ್ಡ ಅಕ್ಷರ ಬರೆದವನು ಮೂರು ಲೋಕದಲ್ಲಿ ಇನ್ನೊಬ್ಬನಿಲ್ಲ. ಇದನ್ನು ಜಂಬ ಅಂದುಕೊಳ್ಳಬೇಡಿ, ಅಳೆದು ನೋಡಿದ ಮಾತು. ನಾನು ಬರೆದ ಒಂದು ‘ಅ’ದ ಹೊಟ್ಟೆಯೊಳಗೆ ಎರಡು ಎಮ್ಮೆಗಳು ಮಲಗಿ ಮೆಲುಕು ಹಾಕಬಹುದು. ಬೆಳಗಿನ ರೊಟ್ಟಿ ತಿಂದು ‘ಳ’ ಬರೆಯಲು ಹೊರಟರೆ ಅದರ ಕೊನೆಯ ಸುರುಳಿ ಸುತ್ತಿ ಮುಗಿಸುವ ಹೊತ್ತಿಗೆ ಮತ್ತೆ ಹಸಿವಾಗುತ್ತದೆ. ನಮ್ಮ ಊರಿನ ಹತ್ತಿ ಬಿಡಿಸುವ ಜಿನ್ನಿನ ಮಾಳಿಗೆಯೇ ನನ್ನ ಹಾಳೆ. ಸುಣ್ಣ ಬಳಿದ ಆ ಮಾಳಿಗೆಯ ಮೇಲೆ, ಕೆಮ್ಮಣ್ಣು ಕಲಸಿದ ಬಕೆಟ್ಟು ಒಂದು ಕೈಯಲ್ಲಿ, ಕಸಬರಿಗೆ ಇನ್ನೊಂದು ಕೈಯಲ್ಲಿ ಹಿಡಿದು ನಲವತ್ತು ವರ್ಷಗಳಿಂದ ದಿನಾ ಬೆಳಗ್ಗೆ ಊರ ಸುದ್ದಿ ಬರೆಯುತ್ತಿದ್ದೇನೆ. ಹೆಸರು ಸೂರಪ್ಪ, ಊರವರಿಗೆ ಮಾಳಿಗೆ ಸೂರಪ್ಪ. ನನಗೆ ಓದುಗ ಒಬ್ಬನೇ. ಆದರೆ ಎಂಥ ಓದುಗ! ಸೂರ್ಯವಂಶದ ಅರಸ, ಹರಿಶ್ಚಂದ್ರನ ತಂದೆ, ಸಾಕ್ಷಾತ್ ತ್ರಿಶಂಕು ಮಹಾರಾಜ.

ಅವನು ನಮ್ಮ ಊರಿನ ನೆತ್ತಿಯ ಮೇಲೆ ತಲೆಕೆಳಗಾಗಿ ತೂಗುತ್ತಿದ್ದಾನೆ. ಮೈಸಮೇತ ಸ್ವರ್ಗಕ್ಕೆ ಹೋಗುತ್ತೇನೆ ಅಂದ, ವಿಶ್ವಾಮಿತ್ರ ಹತ್ತಿಸಿದ, ಇಂದ್ರ ದಬ್ಬಿದ, ಬೀಳುತ್ತಿದ್ದವನನ್ನು ವಿಶ್ವಾಮಿತ್ರ ‘ನಿಲ್ಲು’ ಅಂದ, ನಿಂತ. ಇಷ್ಟು ಎಲ್ಲರಿಗೂ ಗೊತ್ತು. ಎಲ್ಲಿ ನಿಂತ ಅನ್ನುವುದು ಮಾತ್ರ ನಮ್ಮೂರವರಿಗಷ್ಟೇ ಗೊತ್ತು. ಬೇರೆ ಊರಿನವರು ತೆಂಕಣ ದಿಕ್ಕಿಗೆ ನಾಲ್ಕು ಚುಕ್ಕಿ ತೋರಿಸಿ ಇದೇ ತ್ರಿಶಂಕು ಅನ್ನುತ್ತಾರಂತೆ. ಪಾಪ, ಅವರ ಪಾಲಿಗೆ ಬಂದದ್ದು ಅಷ್ಟೇ. ನಮ್ಮವನ ಕಿವಿಯ ಕುಂಡಲವೇ ಜಿನ್ನಿನ ಗಾಲಿಗಿಂತ ದೊಡ್ಡದು. ಮೀಸೆಯ ಎಡತುದಿಯಲ್ಲಿ ಒಂದು ಹದ್ದಿನ ಸಂಸಾರ ಇದೆ. ಬಲತುದಿ ಸದ್ಯಕ್ಕೆ ಖಾಲಿ. ನಮ್ಮ ಅಜ್ಜನ ಕಾಲದಲ್ಲಿ ಅವನು ಒಮ್ಮೆ ಸೀನಿದಾಗ ಕಿರೀಟ ಬಿದ್ದು ಸಂತೆಯ ನಡುವೆ ನೆಟ್ಟುಕೊಂಡಿತು. ಎತ್ತಲು ನೂರಾ ಎಂಟು ಜನ, ಹದಿನಾರು ಜೋಡಿ ಎತ್ತು ಸಾಲಲಿಲ್ಲ. ಈಗ ಬಸ್ಸುಗಳು ಅದನ್ನೇ ಬಳಸಿಕೊಂಡು ತಿರುಗುತ್ತವೆ. ಕಿರೀಟ ಸರ್ಕಲ್ ಅಂದರೆ ಟಿಕೆಟ್ ಕೊಡುತ್ತಾರೆ.

ನಮ್ಮ ಊರಿನಲ್ಲಿ ನಮಸ್ಕಾರ ಮಾಡುವ ಕ್ರಮವೇ ಬೇರೆ. ಅರಸ ನೆಟ್ಟಗೆ ಕಾಣಬೇಕಲ್ಲ? ಅದಕ್ಕೆ ಬಾಗಿ, ಎರಡು ಕಾಲುಗಳ ನಡುವಿನಿಂದ ಮೇಲೆ ನೋಡಿ ಕೈ ಮುಗಿಯುತ್ತೇವೆ. ಬೆಳಗ್ಗೆ ಏಳು ಗಂಟೆಗೆ ಹಾಲು ಹಾಕುವವರು, ಶಾಲೆಗೆ ಹೊರಟವರು, ಹಲ್ಲುಜ್ಜುತ್ತಿದ್ದವರು ಎಲ್ಲರೂ ಇದ್ದಲ್ಲೇ ಬಾಗುತ್ತಾರೆ. ಹೊಸದಾಗಿ ಬಂದ ಕಂಡಕ್ಟರ್ ಒಬ್ಬ ಇಡೀ ಊರು ತನಗೆ ಹಿಂಭಾಗ ತೋರಿಸಿ ಅವಮಾನ ಮಾಡುತ್ತಿದೆ ಅಂದುಕೊಂಡು ಬಸ್ಸು ಖಾಲಿ ತಿರುಗಿಸಿಕೊಂಡು ಹೋಗಿದ್ದ. ಸೊಂಟ ಬಾಗದ ಮುದುಕರು ಮಾಳಿಗೆಯ ಮೇಲೆ ಹೊರಸು ಹಾಕಿಸಿ, ಅಂಚಿನಿಂದ ತಲೆ ಇಳಿಬಿಟ್ಟು ಮಲಗುತ್ತಾರೆ. ಅರಸನಿಗೆ ನಮ್ಮ ಮುಖಗಳಿಗಿಂತ ನೆತ್ತಿಗಳ ಪರಿಚಯ ಹೆಚ್ಚು. ‘ಎರಡು ಸುಳಿಯವ ಬಂದ’, ‘ನಡುಬೈತಲೆಯಾಕಿ ಹೊಂಟಳು’ ಅಂತಲೇ ಗುರುತು ಹಿಡಿಯುತ್ತಾನೆ. ಹಾಗಾಗಿ ನಮ್ಮ ಹೆಂಗಸರು ಹೂವನ್ನು ಹೆರಳಿಗಲ್ಲ, ನೆತ್ತಿಗೆ ಮುಡಿಯುತ್ತಾರೆ. ಬೊಕ್ಕತಲೆಯವರು ಎಣ್ಣೆ ತಿಕ್ಕಿ ಹೊಳೆಸಿಕೊಂಡೇ ಬೀದಿಗಿಳಿಯುವುದು. ಮದುವೆಯ ಹಂದರದಲ್ಲಿ ನಡುವೆ ಒಂದು ಕಿಂಡಿ ಬಿಡದಿದ್ದರೆ ಬೀಗರು ಊಟಕ್ಕೆ ಕೂರುವುದಿಲ್ಲ.

ಸಂತೆಯೂ ಅವನ ನೆರಳಿನಲ್ಲೇ. ನೆರಳು ಬೆಳಗ್ಗೆ ಪಡುವಣ ಓಣಿಯಲ್ಲಿರುತ್ತದೆ, ಮಧ್ಯಾಹ್ನ ಸರ್ಕಲ್ಲಿಗೆ ಬರುತ್ತದೆ, ಸಂಜೆ ಮೂಡಣ ಬಾಗಿಲಿಗೆ ಹೋಗುತ್ತದೆ. ಅದರ ಹಿಂದೆಯೇ ಗಾಡಿ ತಳ್ಳಿಕೊಂಡು ಇಡೀ ಸಂತೆ ಜರುಗುತ್ತದೆ. ಮಿರ್ಚಿ ಭಜಿ ಮಾಡುವ ದಾವಲಸಾಬನಿಗೆ ಐವತ್ತೈದು ವರ್ಷ. ಹುಟ್ಟಿದಾಗಿನಿಂದ ಬಿಸಿಲು ಮೈಗೆ ತಾಗಿಸಿಕೊಂಡವನೇ ಅಲ್ಲ. ಬೆಳಗ್ಗೆ ಅರಸನ ಹೊಟ್ಟೆಯ ನೆರಳಿನಲ್ಲಿ ಹಿಟ್ಟು ಕಲಸುತ್ತಾನೆ, ಮಧ್ಯಾಹ್ನ ಎದೆಯ ನೆರಳಿನಲ್ಲಿ ಕರಿಯುತ್ತಾನೆ. ಅರಸನ ಎದೆ ಅಷ್ಟು ತಂಪು.

ಊರಿನ ಗುಡಿಗಳಲ್ಲಿ ರಾಮ ಇದ್ದಾನೆ, ಹನುಮಂತ ಇದ್ದಾನೆ, ಪೂಜೆಗೆ ಕೊರತೆಯಿಲ್ಲ. ಆದರೆ ಅವರೆಲ್ಲ ಗೆದ್ದವರು. ಗೆದ್ದವರ ಮುಂದೆ ಕೈ ಮುಗಿಯಬಹುದು, ಸಂಕಟ ತೋಡಿಕೊಳ್ಳಲು ನಾಚಿಕೆ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವವನು, ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿಬಿದ್ದವನು, ಹೆಣ್ಣು ನೋಡಿ ಹೋದವರ ಉತ್ತರ ಬಾರದೆ ಕುಳಿತವಳು, ಎಲ್ಲರೂ ಮೇಲೆ ನೋಡಿ ‘ನಿನ್ನ ಗತಿನ ನನಗೂ ಆಗೇತಿ ನೋಡಪ್ಪಾ’ ಅನ್ನುತ್ತಾರೆ. ಅರಸ ‘ಹೂಂ’ ಅನ್ನುತ್ತಾನೆ. ಆ ‘ಹೂಂ’ ಕೇಳಲು ನಮ್ಮ ಅಂದಾಜಿನಲ್ಲಿ ವರ್ಷಕ್ಕೆ ಎರಡೂವರೆ ಕೋಟಿ ಜನ ಬರುತ್ತಾರೆ. ಒಂದಿಷ್ಟು ಆಚೆ ಈಚೆ ಇರಬಹುದು. ಸಾವಿರಾರು ವರ್ಷ ಸಂತೆಯ ಮೇಲೆ ತೂಗಿ ತೂಗಿ ಅವನ ಮಾತೂ ನಮ್ಮ ಸಂತೆಯ ಮಾತೇ ಆಗಿಹೋಗಿದೆ.

ಅವನಿಗೆ ಕಾಣದಿರುವುದು ಒಂದೇ: ಮಾಳಿಗೆಯ ಕೆಳಗಿನದು. ಬೀದಿ ಕಾಣುತ್ತದೆ, ಅಂಗಳ ಕಾಣುತ್ತದೆ. ಅಡುಗೆಮನೆ, ನಡುಮನೆ, ಕೋಣೆ ಕಾಣುವುದಿಲ್ಲ. ಅಲ್ಲಿಯೇ ನನ್ನ ಕೆಲಸ. ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ನಾನು ಮಾಳಿಗೆಯ ಮೇಲೆ ಬರೆಯುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಬರೆಯಲು ನಾನೇನು ಪಂಚಾಯಿತಿ ಗುಮಾಸ್ತನೇ? ದಾವಲಸಾಬನ ಮನೆಯಲ್ಲಿ ಅನ್ನ ಸೀದರೆ ‘ದಾವಲಸಾಬನ ಮನೆಯಲ್ಲಿ ಲಂಕಾದಹನ’ ಅಂತ ಬರೆದೆ. ಮಲಕಾಜಪ್ಪ ಮಾಸ್ತರರ ಮನೆಯಲ್ಲಿ ಇಲಿ ಕಂಡರೆ, ಅದು ವ್ಯಾಕರಣದ ಪುಸ್ತಕ ತಿಂದು ಸಂಧಿ ಬಿಡಿಸಿ ಮಾತಾಡಿತು ಅಂತ ಬರೆದೆ. ಅರಸ ನಗುತ್ತಾನೆ. ಅವನು ನಕ್ಕರೆ ಊರಿನ ಹಗ್ಗದ ಮೇಲಿನ ಬಟ್ಟೆಯೆಲ್ಲ ಒಂದೇ ಸಲ ಒಣಗುತ್ತದೆ. ಅವನಿಗೆ ಎಲ್ಲಕ್ಕಿಂತ ಇಷ್ಟ ನನ್ನ ಮಗಳು ಶಂಕವ್ವನ ಸುದ್ದಿ. ಮೂರನೆಯ ವರ್ಷಕ್ಕೇ ಅವಳು ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳಿದ್ದು, ಹನ್ನೆರಡಕ್ಕೆ ಕಣ್ಣು ಕಟ್ಟಿಕೊಂಡು ಕೌದಿ ಹೊಲಿದದ್ದು, ಗಂಡನ ಊರಿನಲ್ಲಿ ಅವಳ ಮದುವೆ ಒಂಬತ್ತು ದಿನ ನಡೆದು ಬೀಗರಿಗೆ ಹೋಳಿಗೆ ಸಾಕಾಗಿ ಓಡಿಹೋದದ್ದು, ಎಲ್ಲವೂ ಅವನಿಗೆ ಬಾಯಿಪಾಠ. ಅವನ ಹೆಸರೇ ಇಟ್ಟ ಹುಡುಗಿಯಲ್ಲವೇ!

ಹೀಗಿರುವಾಗ ಒಂದು ಸೋಮವಾರ ಮಧ್ಯಾಹ್ನ ಸಂತೆ ಸರ್ಕಲ್ಲಿನಲ್ಲಿದ್ದಾಗ ಮೇಲಿನಿಂದ ಗಾಲಿಗಳ ಸದ್ದು ಕೇಳಿತು. ಬೆಳ್ಳಗೆ ತೊಳೆದಿಟ್ಟಂತಹ ರಥವೊಂದು ಇಳಿದು ಅರಸನ ಮೊಣಕಾಲಿನ ಹತ್ತಿರ ನಿಂತಿತು. ಹೊಡೆದುಕೊಂಡು ಬಂದವನು ಇಂದ್ರನ ಸಾರಥಿ ಮಾತಲಿ. ಊರಿಗೆ ಊರೇ ಮಾಳಿಗೆ ಹತ್ತಿತು. ಮಾತಲಿ ಗಂಟಲು ಸರಿಮಾಡಿಕೊಂಡ.

“ಎಲೈ ಸೂರ್ಯವಂಶತಿಲಕನೇ, ದೇವೇಂದ್ರನ ಆಣತಿಯಂತೆ ಬಂದಿದ್ದೇನೆ. ಸುಧರ್ಮಾ ಸಭೆಯಲ್ಲಿ ನಿನಗೊಂದು ಆಸನವನ್ನು ಇಡಲಾಗಿದೆ. ಸಶರೀರನಾಗಿಯೇ ಬರಬಹುದು.”

“ಅವತ್ತ ತಲಿ ಮ್ಯಾಲ ಒದ್ದು ದಬ್ಬಿದವರು ಇವತ್ತ ಯಾಕ ಕರೀತಾರಪ್ಪಾ?” ಅಂತ ಅರಸ ಕೇಳಿದ.

ಮಾತಲಿ ಕಿವಿ ಕೆರೆದುಕೊಂಡ. “ಅದು... ಸ್ವಲ್ಪ ಏಕಾಂತದ ವಿಷಯ.”

“ಈ ಊರಾಗ ಏಕಾಂತ ಅನ್ನೂದು ಇಲ್ಲ. ಕೆಳಗ ನೋಡು, ಎಲ್ಲಾರೂ ಕಿವಿ ಮ್ಯಾಲಕ್ಕ ಮಾಡಿ ನಿಂತಾರ. ಹೇಳು.”

“ಭೂಲೋಕದಲ್ಲಿ ಯಾರಿಗೆ ಏನು ತೊಡಕಾದರೂ ‘ತ್ರಿಶಂಕು ಸ್ಥಿತಿ’ ಎನ್ನುತ್ತಾರೆ. ಮಕ್ಕಳಿಗೂ ನಿನ್ನ ಹೆಸರು ಗೊತ್ತು. ದೇವೇಂದ್ರನ ಹೆಸರು ಕೇಳಿಬರುವುದು ಮಾತ್ರ ಮಳೆ ತಡವಾದಾಗ, ಅದೂ ಬೈಯುವುದಕ್ಕೆ. ಇಷ್ಟು ಜನಪ್ರಿಯನಾದವನು ಹೊರಗಿದ್ದರೆ ಸ್ವರ್ಗಕ್ಕೆ ಶೋಭೆಯಲ್ಲ ಎಂದು ಸಭೆ ತೀರ್ಮಾನಿಸಿದೆ. ಬುಧವಾರ ನಡುಹಗಲಿಗೆ ನಿನ್ನ ಉತ್ತರ ಬೇಕು.”

ಅಷ್ಟು ಹೇಳಿ ಮಾತಲಿ ರಥದ ನೊಗ ಬಿಚ್ಚಿ, ಕುದುರೆಗಳನ್ನು ಅರಸನ ಪಾದದ ಮೇಲೆ ಮೇಯಲು ಬಿಟ್ಟ. ಅಲ್ಲಿ ಒಳ್ಳೆಯ ಹುಲ್ಲು ಬೆಳೆದಿದೆಯಂತೆ, ಅದು ನನಗೂ ಗೊತ್ತಿರಲಿಲ್ಲ.

ಕಿರೀಟದ ಸುತ್ತ ಸಭೆ ಸೇರಿತು. ದಾವಲಸಾಬ ಭಜಿ ಎತ್ತುವ ಜಾರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ, ಎಣ್ಣೆ ತೊಟ್ಟಿಕ್ಕುತ್ತಿತ್ತು. “ಅರಸಪ್ಪ ಹ್ವಾದರ ನಾ ಎಲ್ಲಿ ನಿಂದರ್ಲಿ? ಬಿಸಲಾಗ ನಿಂತ್ರ ಮಿರ್ಚಿಗಿಂತ ಮೊದಲ ನಾ ಬೇಯ್ತೀನಿ.”

“ನಿನ್ನ ನೆರಳಿಂದು ಬಿಡೋ,” ಅಂದರು ಮಲಕಾಜಪ್ಪ ಮಾಸ್ತರರು. ಊರಿನ ಎಲ್ಲರಿಗೂ ಅಕ್ಷರ ಕಲಿಸಿದವರು, ನನಗೂ. ಎಂಬತ್ತು ದಾಟಿದೆ. “ಮುಂಜಾನೆ ಎದ್ದು ಯಾರಿಗೆ ಬಾಗೂದು? ಅದನ್ನ ಹೇಳ್ರಿ ಮೊದಲು. ಲೇ ಸೂರ್ಯಾ, ನೀ ಏನರ ಬರಿ. ಬರದು ನಿಂದರಿಸು.”

ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ನಾನು ಎದೆ ಉಬ್ಬಿಸಿದೆ. ಒಳಗೆ ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿದ್ದೆ. ದಾವಲಸಾಬನಿಗೆ ನೆರಳು ಹೋಗುತ್ತದೆ, ಕೊಡೆ ಕೊಳ್ಳಬಹುದು. ನನಗೆ ಹೋಗುವುದು ಓದುಗ. ಇರುವವನು ಒಬ್ಬ. ಅವನು ಹೋದಮೇಲೆ ಮಾಳಿಗೆಯ ಮೇಲೆ ಬರೆದದ್ದನ್ನು ಕಾಗೆಗಳು ಓದುತ್ತವೆಯೇ? “ನಾಳೆ ನೋಡ್ರಿ,” ಅಂದೆ. “ಇಂದ್ರ ತಾನ ಇಳದು ಬಂದು ನಮ್ಮೂರಾಗ ಮನಿ ಹುಡುಕಬೇಕು, ಹಂಗ ಬರೀತೀನಿ.”

ಮಂಗಳವಾರ ಬೆಳಗ್ಗೆ ಬರೆದೆ ನೋಡಿ, ನಲವತ್ತು ವರ್ಷದಲ್ಲಿ ಹಾಗೆ ಬರೆದಿರಲಿಲ್ಲ. ಮೂರು ಬಂಡಿ ಕೆಮ್ಮಣ್ಣು, ಹನ್ನೊಂದು ಕಸಬರಿಗೆ ಖರ್ಚಾಯಿತು. ನಮ್ಮ ಊರಿನ ಮನೆಗಳ ಒಳಗೋಡೆಗೆಲ್ಲ ಬಂಗಾರದ ತಗಡು ಹೊಡೆದಿದೆ. ಮೂವತ್ತೆರಡು ಬಗೆಯ ಅಡುಗೆಗಿಂತ ಕಡಿಮೆ ಯಾರೂ ಉಣ್ಣುವುದಿಲ್ಲ, ಉಪವಾಸದ ದಿನ ಮಾತ್ರ ಹದಿನಾರು. ಅತ್ತೆಯರು ಸೊಸೆಯರ ಕಾಲೊತ್ತುತ್ತಾರೆ. ಅಣ್ಣತಮ್ಮಂದಿರು ಒಂದೇ ತಟ್ಟೆಯಲ್ಲಿ ಉಂಡು, ಕಡೆಯ ತುತ್ತು ನೀನು ತಿನ್ನು ನೀನು ತಿನ್ನು ಎಂದು ಬೆಳಗಿನವರೆಗೆ ಜಗಳಾಡುತ್ತಾರೆ. ಈ ಊರಿನಲ್ಲಿ ಯಾರಾದರೂ ಅತ್ತು ಇಪ್ಪತ್ತೇಳು ವರ್ಷವಾಯಿತು. ಅದೂ ಉಳ್ಳಾಗಡ್ಡಿ ಹೆಚ್ಚುವಾಗ. ಇಂಥ ಊರನ್ನು ಬಿಟ್ಟು ಸ್ವರ್ಗಕ್ಕೆ ಯಾರು ಹೋದಾರು?

ಬರೆದು ಮುಗಿಸಿ ಬಾಗಿ ಕಾಲುಗಳ ನಡುವಿನಿಂದ ನೋಡಿದೆ. ಅರಸ ಓದಿದ. ನಗಲಿಲ್ಲ. ಮತ್ತೊಮ್ಮೆ ಓದಿದ. ಅವನ ಕಣ್ಣಿನಿಂದ ಒಂದು ಹನಿ ಹೊರಟು, ಹಣೆಯ ಮೇಲೆ ಇಳಿದು, ಕೂದಲು ದಾಟಿ, ಜಿನ್ನಿನ ಅಂಗಳದಲ್ಲಿ ಬಿತ್ತು. ಅಂಗಳದ ನೀರಿನ ತೊಟ್ಟಿ ತುಂಬಿ ಹರಿಯಿತು.

“ಸೂರಪ್ಪಾ, ಭಾಳ ಸಂತೋಷ ಆತು,” ಅಂದ. “ಇಷ್ಟು ವರ್ಷ ಸ್ವರ್ಗದ ಆಸೆ ನನಗ ಹೋಗೇತಿ ಅಂತ ತಿಳದಿದ್ದೆ. ಹೋಗಿರಲಿಲ್ಲಪ್ಪ. ನಿಮ್ಮನ್ನ ಬಿಟ್ಟು ಹ್ಯಾಂಗ ಹೋಗೂದು ಅಂತ ಸುಮ್ಮನಿದ್ದೆ. ನೀವು ಇಷ್ಟು ಸುಖದಾಗ ಅದೀರಿ ಅಂದಮ್ಯಾಲ ನಂದೇನ ಕೆಲಸ ಇಲ್ಲಿ? ನಾಳೆ ಮಾತಲಿ ಜೊತಿ ಹೋಗ್ತೀನಿ.” ಅಷ್ಟು ಹೇಳಿ ಕಣ್ಣು ಮುಚ್ಚಿದವನು ಅವತ್ತು ಮತ್ತೆ ತೆರೆಯಲಿಲ್ಲ.

ನಾನು ಮಾಳಿಗೆಯಿಂದ ಇಳಿದೆ. ಕೆಳಗೆ ನನ್ನ ಹೆಂಡತಿ ನೀಲವ್ವ ನಿಂತಿದ್ದಳು. ಅವಳ ಒಂದು ಗುಣ ಹೇಳಿಬಿಡುತ್ತೇನೆ: ನಾನು ಎಷ್ಟು ಸುಳ್ಳು ಹೇಳುತ್ತೇನೋ ಅಷ್ಟೇ ನಿಜ ಅವಳು ಹೇಳುತ್ತಾಳೆ. ನಮ್ಮ ಮನೆಯ ತಕ್ಕಡಿ ಸರಿಯಾಗಿರುವುದು ಅದರಿಂದಲೇ.

“ಕಳಿಸಿಕೊಟ್ರಿ?” ಅಂದಳು.

“ನಾ ಎಲ್ಲಿ ಕಳಿಸಿದ್ನಿ? ನಿಂದರಿಸಾಕ ಬರದೆ.”

“ಹೊಟ್ಟಿ ತುಂಬಿದವರ ಮನ್ಯಾಗ ಯಾವ ಬೀಗರರ ಎಷ್ಟು ದಿನ ಕುಂದ್ರತಾರ್ರೀ? ‘ನಿನ್ನ ಗತಿನ ನನಗೂ ಆಗೇತಿ’ ಅಂದ್ರ ಹೂಂ ಅನ್ನಾವ ಅಂವ. ನೀವು ಯಾರಿಗೂ ಏನೂ ಆಗಿಲ್ಲ ಅಂತ ಬರದ್ರಿ. ಇನ್ನ ಯಾರಿಗೆ ಹೂಂ ಅನ್ನಬೇಕು?”

“ಮತ್ತೇನ ಮಾಡೂದು?”

“ಖರೇ ಬರೀರಿ.”

ಹೇಳುವುದು ಸುಲಭ. ಮತ್ತೆ ಮೇಲೆ ಹತ್ತಿ, ಬರೆದದ್ದನ್ನೆಲ್ಲ ತೊಳೆದೆ. ‘ನಮ್ಮ ಮನೆಯ ಮೊಸರು ಹುಳಿಯಾಗಿದೆ’ ಎಂಬ ಒಂದು ಸಣ್ಣ ಸತ್ಯದಿಂದ ಶುರು ಮಾಡೋಣ ಅಂತ ಕಸಬರಿಗೆ ಅದ್ದಿದೆ. ಬರೆದು ಹಿಂದೆ ಸರಿದು ನೋಡಿದರೆ ‘ನಮ್ಮ ಮನೆಯ ಮೊಸರಿನ ಹುಳಿಗೆ ಹಿತ್ತಾಳೆ ಕೊಡ ತಾನಾಗಿಯೇ ಬೆಳಗಿಕೊಂಡು ಫಳಫಳ ಹೊಳೆಯಿತು’ ಎಂದಿತ್ತು. ಅಳಿಸಿ ಮತ್ತೆ ಬರೆದೆ. ಈ ಸಲ ಹುಳಿಗೆ ಬೆಕ್ಕಿನ ಮೀಸೆ ಉದುರಿತ್ತು. ನಲವತ್ತು ವರ್ಷ ಒಂದೇ ಕಡೆಗೆ ಓಡಿದ ಎತ್ತು ಒಂದೇ ದಿನಕ್ಕೆ ತಿರುಗುತ್ತದೆಯೇ?

ನೀಲವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ನೀವು ಬ್ಯಾಡ. ಅವರವರ ಮಾಳಗಿ ಮ್ಯಾಲ ಅವರವರ ಬರೀಲಿ,” ಅಂದವಳೇ ಮನೆಮನೆಗೆ ಹೊರಟಳು. ಮೊದಲು ಯಾರೂ ಒಪ್ಪಲಿಲ್ಲ. ಮನೆಯ ಮಾತು ಮಾಳಿಗೆ ಹತ್ತುವುದೆಂದರೆ ಏನು! ‘ಕಂಡೋರ ಮುಂದ ಚಾವಣಿ ಬಿಚ್ಚಿ ಕುಂದರ್ಲೇನಬೇ?’ ಅಂತ ಕೇಳಿದವರಿದ್ದರು. ನೀಲವ್ವ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: “ಕಂಡೋರಿಗಲ್ಲ. ಅರಸಪ್ಪಗ.”

ಮೊದಲು ಸೋತವರು ಮಾಸ್ತರರು. ಅವರ ಮಾಳಿಗೆಗೆ ನಾನೇ ಕೆಮ್ಮಣ್ಣು ಹೊತ್ತೆ. ಊರಿಗೆಲ್ಲ ಅಕ್ಷರ ಕಲಿಸಿದವರು ಕಸಬರಿಗೆಯನ್ನು ನನ್ನ ಕೈಗೆ ಕೊಟ್ಟು, “ನೀ ಬರಿ ಸೂರ್ಯಾ, ನಾ ಹೇಳ್ತೀನಿ. ಎರಡು ವರ್ಷ ಆತು ನನಗ ಕಣ್ಣ ಕಾಣಂಗಿಲ್ಲ. ಮುಂಜಾನೆ ಅಂದಾಜಿನ ಮ್ಯಾಲ ಬಾಗ್ತೀನಿ. ಅರಸಪ್ಪ ಎತ್ತಾಗ ಅದಾನೋ, ನಾ ಎತ್ತಾಗ ಕೈ ಮುಗೀತೀನೋ,” ಅಂದರು. ಅದನ್ನು ನಾನು ಒಂದಕ್ಷರ ಹೆಚ್ಚಿಸದೆ ಬರೆದೆ. ಹೇಗೆ ಬರೆದೆನೋ, ಅಕ್ಷರ ಕಲಿಸಿದವರೇ ಪಕ್ಕದಲ್ಲಿ ನಿಂತಿದ್ದರಿಂದ ಉತ್ಪ್ರೇಕ್ಷೆ ಮಾಡಲು ಆಗಲಿಲ್ಲವೇನೋ.

ಆಮೇಲೆ ಒಬ್ಬರ ಹಿಂದೆ ಒಬ್ಬರು ಏಣಿ ಹಾಕಿದರು. ಕುಂಬಾರ ಗಿರಿಜವ್ವ ಬರೆದಳು: ‘ಒಲೀ ಮ್ಯಾಲಿನ ಹೊಗಿ ಕಿಂಡಿ ಮುಚ್ಚಿ ಮೂರು ವರ್ಷ ಆತು. ಅಳಾಕ ಒಂದು ನೆವ ಇರಲಿ ಅಂತ ತಗಸಿಲ್ಲ.’ ಜಿನ್ನಿನ ಕಾವಲುಗಾರ ಹೊನ್ನೂರಪ್ಪ ಬರೆದ: ‘ಹಾರ್ಮೋನಿಯಂ ಪೇಟಿ ತಂದು ಆರು ವರ್ಷ ಬಾರಿಸೀನಿ. ಒಂದ ಹಾಡು, ಅದೂ ಅರ್ಧ ಬರ್ತೈತಿ.’ ದಾವಲಸಾಬ ಸಂಜೆಯವರೆಗೂ ಏಣಿ ಹಿಡಿದು ನಿಂತಿದ್ದ. ಕೊನೆಗೆ ಹತ್ತಿ, ತನಗೆ ಬರುವ ಸೊಟ್ಟ ಸೊಟ್ಟ ಅಕ್ಷರದಲ್ಲಿ ಬರೆದ: ‘ತಮ್ಮನ ಕೂಡ ಮಾತ ಬಿಟ್ಟು ಮನಿ ನಡುವ ಗ್ವಾಡಿ ಹಾಕೀನಿ. ಆ ಕಡೆ ಅಂವ ಕೆಮ್ಮಿದ್ರ ಈ ಕಡೆ ನನಗ ನಿದ್ದಿ ಬರಂಗಿಲ್ಲ.’ ಅದೇ ಮಾಳಿಗೆಯ ಆಚೆ ತುದಿಯಲ್ಲಿ ಅವನ ತಮ್ಮನೂ ಕುಳಿತು ಏನೋ ಬರೆಯುತ್ತಿದ್ದ. ಇಬ್ಬರೂ ಪರಸ್ಪರ ಬೆನ್ನು ತಿರುಗಿಸಿದ್ದರು. ಆದರೆ ಬಕೆಟ್ಟು ಒಂದೇ ಇತ್ತು. ಅದು ಆಚೆಗೊಮ್ಮೆ ಈಚೆಗೊಮ್ಮೆ ಹೋಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ.

ಬುಧವಾರ ಬೆಳಕು ಹರಿದಾಗ ಊರಿನ ಎಲ್ಲ ಮಾಳಿಗೆಗಳೂ ಕೆಂಪಾಗಿದ್ದವು. ಉಳಿದದ್ದು ಜಿನ್ನಿನ ಮಾಳಿಗೆ ಒಂದೇ, ಅಂದರೆ ನನ್ನದು. ನೀಲವ್ವನೂ ನನ್ನ ಜೊತೆ ಮೇಲೆ ಬಂದಳು. ಅರಸ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮಾತಲಿ ಕುದುರೆಗಳ ಮೈ ತಿಕ್ಕುತ್ತಿದ್ದ.

ನಾನು ಕಸಬರಿಗೆ ಅದ್ದಿದೆ. ನಮ್ಮ ಮನೆಯ ನಿಜ ಬಹಳ ಸಣ್ಣದು, ಎರಡೇ ಪದ. ಶಂಕವ್ವ ಇಲ್ಲ.

ಈಗ ನಿಮಗೂ ಹೇಳಿಬಿಡುತ್ತೇನೆ. ನಮಗೆ ಮಕ್ಕಳಾಗಲಿಲ್ಲ. ಮೂವತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಅರಸ ಮೇಲಿನಿಂದ, “ಎಲ್ಲಾರ ಮನೀದು ಬರೀತಿ, ನಿಮ್ಮನ್ಯಾಗ ಏನ ವಿಶೇಷ ಸೂರಪ್ಪಾ?” ಅಂತ ಕೇಳಿದ. ‘ಏನೂ ಇಲ್ಲ’ ಅಂತ ಬರೆಯಲೆಂದೇ ಕೈ ಎತ್ತಿದೆ. ಕೈ ‘ಹೆಣ್ಣು ಹುಟ್ಟಿದೆ’ ಅಂತ ಬರೆಯಿತು. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ನಮ್ಮ ಊರಿನವರು ಅಂಥವರು, ಇದು ಮಾತ್ರ ಉತ್ಪ್ರೇಕ್ಷೆಯಲ್ಲ. ಅವತ್ತು ಹೆದರಿಕೊಂಡೇ ಮನೆಗೆ ಹೋದೆ. ನೀಲವ್ವ ಏನೂ ಕೇಳಲಿಲ್ಲ. ಊಟಕ್ಕೆ ಹಬ್ಬದ ಸಿಹಿ, ರವೆ ಬೆಲ್ಲದ ಸಜ್ಜಕ ಮಾಡಿದ್ದಳು. ಆಮೇಲೆ ಮೂವತ್ತು ವರ್ಷ ಶಂಕವ್ವ ನನ್ನ ಮಾಳಿಗೆಯ ಮೇಲೆ ಬೆಳೆದಳು. ನಾವಿಬ್ಬರೂ ಅವಳ ವಿಷಯ ಮನೆಯಲ್ಲಿ ಒಂದು ಸಲವೂ ಆಡಲಿಲ್ಲ.

“ಬರೀಲೇನು?” ಅಂದೆ.

ನೀಲವ್ವ ಮಾಳಿಗೆಯ ಅಂಚಿಗೆ ಹೋಗಿ, ಕೆಂಪಾದ ಊರನ್ನೆಲ್ಲ ಒಂದು ಸುತ್ತು ನೋಡಿದಳು. ತಿರುಗಿ ಬಂದು, “ಅದೊಂದು ಇರಲಿ ಬಿಡ್ರಿ,” ಅಂದಳು.

“ಖರೇ ಬರೀಬೇಕಂತ ನೀನ ಊರೆಲ್ಲಾ ಸಾರಿ ಬಂದಿ.”

“ಖರೇನ ಬರೀರಿ. ನೀಲವ್ವ ಇವತ್ತ ಸಜ್ಜಕ ಮಾಡ್ಯಾಳ ಅಂತ ಬರೀರಿ. ಒಲೀ ಮ್ಯಾಲ ಇಟ್ಟ ಬಂದೀನಿ.”

ಬರೆದೆ. ‘ಇವತ್ತು ನಮ್ಮ ಮನೆಯಲ್ಲಿ ಸಜ್ಜಕ.’ ಇಡೀ ಜಿನ್ನಿನ ಮಾಳಿಗೆಗೆ ಅಷ್ಟೇ. ನನ್ನ ಜೀವಮಾನದ ಅತಿ ಚಿಕ್ಕ ಬರಹ ಅದು, ಅತಿ ಕಷ್ಟದ್ದೂ ಅದೇ.

ಅರಸ ಕಣ್ಣು ಬಿಟ್ಟ. ಮೂಡಣ ಬಾಗಿಲಿನ ಮಾಳಿಗೆಯಿಂದ ಓದಲು ಶುರು ಮಾಡಿದ. ಒಂದೊಂದು ಮನೆಯ ಮುಂದೆ ನಿಂತು ಮಾತಾಡಿಸಿದಷ್ಟು ಹೊತ್ತು ತೆಗೆದುಕೊಂಡ. ಊರು ಬಾಗಿ ನಿಂತಲ್ಲೇ ನಿಂತಿತ್ತು. ಬೆನ್ನು ನೋಯುತ್ತಿದ್ದರೂ ಯಾರೂ ಏಳಲಿಲ್ಲ. ಸೂರ್ಯ ನೆತ್ತಿಗೆ ಬಂದ. ಮಾತಲಿ ನೊಗ ಕಟ್ಟಿ, “ಮಹಾರಾಜಾ, ಮುಹೂರ್ತ ಮೀರುತ್ತಿದೆ,” ಅಂದ.

“ತಡಿಯಪ್ಪಾ, ಇನ್ನೂ ಓದೂದೈತಿ,” ಅಂದ ಅರಸ. “ಈ ಮಾಸ್ತರರು ಇಷ್ಟು ದಿನ ಆ ಬೇವಿನ ಗಿಡಕ್ಕ ಯಾಕ ಕೈ ಮುಗೀತಾರಂತ ನಾನೂ ವಿಚಾರ ಮಾಡ್ತಿದ್ದೆ. ಮಾಸ್ತರ, ಒಂದೀಟು ಬಲಕ್ಕ ತಿರುಗ್ರಿ... ಇನ್ನೊಂದೀಟು... ಹಾಂ. ಈಗ ನನ್ನ ಎದುರಿಗೆ ಬಂದ್ರಿ. ನಮಸ್ಕಾರ.”

ಎಂಬತ್ತು ದಾಟಿದ ಮಾಸ್ತರರು ಬಾಗಿದಲ್ಲೇ ಚಿಕ್ಕ ಹುಡುಗನ ಹಾಗೆ ನಕ್ಕುಬಿಟ್ಟರು.

“ಮಾತಲೀ, ರಥ ತಿರುಗಿಸು,” ಅಂದ ಅರಸ. “ಅರ್ಧಕ್ಕ ನಿಂತಾವ ನಾ ಒಬ್ಬನ ಅಂತ ತಿಳದಿದ್ದೆ. ಇಲ್ಲಿ ನೋಡಿದ್ರ ಅರ್ಧ ಹಾಡು, ಅರ್ಧ ಮನಿ, ಅರ್ಧ ಮಾತು. ನಿಮ್ಮ ಸ್ವರ್ಗದಾಗ ಎಲ್ಲಾ ಮುಗದಿರ್ತೈತಿ. ಅಲ್ಲಿ ಕುಂತು ನಾ ಏನ ಓದ್ಲಿ? ಆ ಆಸನದ ಮ್ಯಾಲ ಬೇರೆ ಯಾರನರ ಕುಂದರಸು ಅಂತ ಇಂದ್ರಗ ಹೇಳು. ನಂದು ಇಲ್ಲೆ ಚಲೋ ಐತಿ.”

ಮಾತಲಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೆಳಗಿನಿಂದ ಕೇಕೆ ಎದ್ದಿತು. ಆ ಕೇಕೆಗೆ ರಥ ತಾನಾಗಿಯೇ ಏಳು ಸುತ್ತು ತಿರುಗಿ ಸ್ವರ್ಗದ ಹೆಬ್ಬಾಗಿಲಿಗೇ ಹೋಗಿ ಬಿತ್ತು ಅಂತ ನಾನು ಹೇಳುತ್ತೇನೆ. ಮಾತಲಿ ಮರ್ಯಾದೆಯಿಂದ ಕೈ ಮುಗಿದು ಹೋದ ಅಂತ ನೀಲವ್ವ ಹೇಳುತ್ತಾಳೆ. ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ.

ಗದ್ದಲ ಇಳಿದ ಮೇಲೆ ಅರಸನ ಕಣ್ಣು ಜಿನ್ನಿನ ಮಾಳಿಗೆಗೆ ಬಂತು.

“ಸಜ್ಜಕ ಯಾಕ ಸೂರಪ್ಪಾ? ಶಂಕವ್ವ ತವರಿಗೆ ಬಂದಾಳೇನು?”

ನಾನು ಬಕೆಟ್ಟಿನ ಕೆಮ್ಮಣ್ಣು ಕಲಸತೊಡಗಿದೆ. ಅರಸ ಮೆಲ್ಲಗೆ ಮುಂದುವರಿಸಿದ: “ಅಲ್ಲಾ, ಮೂವತ್ತು ವರ್ಷ ಆತು, ಈ ಊರಿನ ಎಲ್ಲಾರ ನೆತ್ತಿ ನೋಡೀನಿ. ಅಕಿ ನೆತ್ತಿ ಒಮ್ಮೆನೂ ಕಂಡಿಲ್ಲ.”

ಆಗ, ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳದ ನೀಲವ್ವ ಮುಂದೆ ಬಂದಳು. ಬಾಗಿದಳು. ನೆತ್ತಿಗೆ ಮುಡಿದ ಹೂವು ನೆಲ ಮುಟ್ಟಿತು. “ಬಿಸಲು ಆಗಿ ಬರಂಗಿಲ್ರಿ ಅರಸಪ್ಪಾ ಅಕಿಗೆ,” ಅಂದಳು. “ಒಳಗ ಇರ್ತಾಳ.”

ಅರಸ ಅವಳ ನೆತ್ತಿಯ ಹೂವನ್ನು ನೋಡಿದ. “ಹೂಂ,” ಅಂದ. “ಒಳಗ ಇರ್ತಾಳ.”

ಮಾರನೆಯ ಬೆಳಗ್ಗೆ ಬಕೆಟ್ಟು ಎತ್ತಿಕೊಂಡು ಹೊರಟಾಗ ನೀಲವ್ವ, ಮೂವತ್ತು ವರ್ಷದಲ್ಲಿ ಮೊದಲ ಸಲ, “ಇವತ್ತ ಏನ ಬರೀತೀರಿ?” ಅಂತ ಕೇಳಿದಳು. ಶಂಕವ್ವನಿಗೆ ಒಂದೇ ಹೆರಿಗೆಯಲ್ಲಿ ಏಳು ಮಕ್ಕಳು ಹುಟ್ಟಿದವು, ಏಳೂ ಹುಟ್ಟುತ್ತಲೇ ಕಾಲುಗಳ ನಡುವಿನಿಂದ ಅರಸನಿಗೆ ಕೈ ಮುಗಿದವು ಅಂತ ಬರೆಯುವವನಿದ್ದೇನೆ ಅಂದೆ. ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಬಾಣಂತನ ಮಾಡಾಕಿ ನಾನ,” ಅಂದಳು. “ಎರಡ ಸಾಕು.”